ಎರಡಾಣೆಗೂ ಲೆಕ್ಕ ಇಟ್ಟ ಡಾಕ್ಟರು

ಪಿಗ್ಮಿ ಎಂದರೇನು ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ಹುಟ್ಟುಹಾಕಿದವರಲ್ಲಿ ಕಾಯಿಲೆ ನೋಡುವ ಡಾಕ್ಟರೊಬ್ಬರು ಮುಖ್ಯರು ಎಂಬುದು ಬಹಳ ಜನಕ್ಕೆ ಮರೆತೇ ಹೋಗಿದೆ.

ಅವರೇ ತೋನ್ಸೆ ಮಾಧವ ಅನಂತ ಪೈ. ಜನರ ಬಾಯಲ್ಲಿ ಡಾ. ಟಿ.ಎಂ.ಎ. ಪೈ. ಹುಟ್ಟಿದ್ದು 1898ರಲ್ಲಿ, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ಡಾಕ್ಟರಿಕೆ ಓದಿ ಊರಿಗೆ ಬಂದು ಕೆಲಸ ಶುರುಮಾಡಿದರು. ಆಗ ಕರಾವಳಿಯ ಕೈಮಗ್ಗದ ಕಸುಬು ಕುಸಿದುಬಿದ್ದಿತ್ತು. ನೇಕಾರರ ಕೈಲಿ ಕಾಸಿಲ್ಲ. ಬರೀ ಔಷಧಿ ಕೊಟ್ಟರೆ ಇಂಥವರ ಕಷ್ಟ ತೀರೀತೇ?

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಬ್ಯಾಂಕು ತೆರೆದರು. ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಇಂಜಿನಿಯರ್, ಇವರು ಡಾಕ್ಟರು. ಬಂಡವಾಳ ಬರೀ 8,000 ರೂಪಾಯಿ. ಹೆಸರು ಮಾತ್ರ ಉದ್ದ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಬಂತು ಪಿಗ್ಮಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಬೇಡ, ಬ್ಯಾಂಕಿನ ಏಜೆಂಟನೇ ಬಾಗಿಲಿಗೆ ಬಂದು ಇಸಕೊಂಡು ಹೋಗುತ್ತಾನೆ. ಎರಡಾಣೆ ಏನು ಮಹಾ ಅನ್ನಬೇಡಿ. ಎಂಟು ದಿನಕ್ಕೆ ಒಂದು ರೂಪಾಯಿ. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ, ಬಡ್ಡಿ ಬಿಟ್ಟು, ನಲವತ್ತೈದು ರೂಪಾಯಿ ಹತ್ತಾಣೆ! ಆ ಕಾಲಕ್ಕೆ ಅದು ಸಣ್ಣ ಗಂಟಲ್ಲ.

ಪೈಗಳ ಜಾಣತನ ಇರುವುದೇ ಇಲ್ಲಿ. ಉಳಿತಾಯ ಮಾಡಿ ಎಂದು ಭಾಷಣ ಬಿಗಿದರೆ ಯಾರೂ ಕೇಳೋಲ್ಲ. ದಿನಗೂಲಿಯವನ ಕೈಲಿ ದುಡ್ಡು ನಿಲ್ಲುವುದು ಬೆಳಗಿನಿಂದ ಸಂಜೆವರೆಗೆ ಅಷ್ಟೆ. ಅದು ಖರ್ಚಾಗುವ ಮುಂಚೆಯೇ ಒಂದು ಪಾಲು ಎತ್ತಿಡುವ ಏರ್ಪಾಡು ಮಾಡಿದರು. ಅಭ್ಯಾಸವೇ ಪಾಠವಾಯಿತು.

ದುಡ್ಡು ಉಳಿಸುವುದಕ್ಕೆ ಮೊದಲು ದುಡಿಯುವುದೂ ಗೊತ್ತಿರಬೇಕಲ್ಲ? 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು. ಹುಡುಗರಿಗೆ ಕಸುಬು ಕಲಿಸುವುದು ಅದರ ಉದ್ದೇಶಗಳಲ್ಲೊಂದು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎದ್ದಿತು. 1972ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ ಪೈಗಳು ತೀರಿಕೊಂಡರು. ಬ್ಯಾಂಕು 1969ರಲ್ಲಿ ಸರ್ಕಾರದ್ದಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಪೇಟೆಯಲ್ಲಿ ಉಳಿದುಕೊಂಡಿದೆ.

ಅದರ ಪಾಠ ಉಳಿದಿದೆಯೇ? ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವ ಹದಿನೈದು ಹದಿನಾರರ ಹುಡುಗರನ್ನು ನೋಡಿ. ಎಷ್ಟೋ ಕಡೆ ಸಂಬಳ ನೇರ ಅಪ್ಪನ ಕೈಗೆ, ಇಲ್ಲವೇ ಸಾಹುಕಾರರ ಗಲ್ಲಾದಲ್ಲೇ ಬಾಕಿ. ಹುಡುಗನ ಕೈಗೆ ಬಂದರೆ ಮೊಬೈಲಿಗೆ ಮಾಯ. ತನ್ನ ದುಡಿಮೆಯ ಲೆಕ್ಕವೇ ತನಗೆ ಗೊತ್ತಿಲ್ಲದ ಹುಡುಗ ನಾಳೆ ಸಂಸಾರದ ಲೆಕ್ಕ ಹೇಗೆ ಹಿಡಿದಾನು? ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದೆ. ಕೆಲಸ ಕೊಟ್ಟ ಯಜಮಾನರು ಒಂದು ದಿನ ಹುಡುಗನನ್ನು ಬ್ಯಾಂಕಿಗೆ ಕರಕೊಂಡು ಹೋಗಿ ಅವನ ಹೆಸರಿನಲ್ಲೇ ಪಾಸ್‌ಬುಕ್ಕು ಮಾಡಿಸಿಕೊಡಲಿ. ಅರ್ಧ ದಿನದ ಕೆಲಸ ಹಾಳಾದರೂ ನಷ್ಟವೇನಿಲ್ಲ.