ಮುಂಬಯಿ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಬದ್ರುದ್ದೀನ್ ತಯ್ಯಬ್‌ಜಿ

ಮಕ್ಕಳನ್ನು ಏನು ಓದಿಸುವುದು ಅಂತ ನಮ್ಮ ಮನೆಗಳಲ್ಲಿ ಮಾತು ಬಂದರೆ ಡಾಕ್ಟರ್, ಇಂಜಿನಿಯರ್ ಅನ್ನುತ್ತೇವೆ. ವಕೀಲ ಅಂದ ಕೂಡಲೇ ಸ್ವಲ್ಪ ಹಿಂದೆ ಸರಿಯುತ್ತೇವೆ. ಸುಳ್ಳು ಹೇಳದೆ ಆ ಕೆಲಸ ನಡೆಯುವುದಿಲ್ಲ ಅನ್ನುವ ಅಭಿಪ್ರಾಯ ಹಲವರಲ್ಲಿ ಉಂಟು. ಅಂಥವರು ಬದ್ರುದ್ದೀನ್ ತಯ್ಯಬ್‌ಜಿಯವರ ಬದುಕನ್ನು ಒಮ್ಮೆ ನೋಡಬೇಕು.

ಅವರು ಹುಟ್ಟಿದ್ದು 1844ರ ಅಕ್ಟೋಬರ್ 10ರಂದು, ಮುಂಬಯಿಯಲ್ಲಿ. ತಂದೆ ಮುಲ್ಲಾ ತಯ್ಯಬ್ ಅಲಿ, ಸುಲೈಮಾನಿ ಬೊಹ್ರಾ ವ್ಯಾಪಾರಿ. ಮನೆತನದ ಮೂಲ ಗುಜರಾತಿನ ಖಂಬಾತ್. ಇಂಗ್ಲಿಷ್ ಕಲಿತರೆ ದೀನ್ ಕೈ ಬಿಟ್ಟು ಹೋಗ್ತದೆ ಅಂತ ಮುಸ್ಲಿಮರು ಹೆದರುತ್ತಿದ್ದ ಕಾಲ ಅದು. ಆದರೂ ಈ ವ್ಯಾಪಾರಿ ತನ್ನ ಗಂಡು ಮಕ್ಕಳನ್ನು ಯುರೋಪಿಗೆ ಕಳಿಸಿ ಓದಿಸಿದರು. ಅವರಲ್ಲಿ ಕಮರುದ್ದೀನ್ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆದ ಮೊದಲ ಭಾರತೀಯ. ತಮ್ಮ ಬದ್ರುದ್ದೀನ್ ಮೊದಲು ಮದ್ರಸದಲ್ಲಿ ಉರ್ದು, ಪಾರ್ಸಿ ಕಲಿತರು, ಮತ್ತೆ ಎಲ್ಫಿನ್‌ಸ್ಟನ್ ಶಾಲೆ ಸೇರಿದರು. ಮದ್ರಸದಿಂದ ಶುರುವಾಯಿತು ಅಂತ ಬರೆಯುವಾಗ ನಮಗೆ ಸ್ವಲ್ಪ ಖುಷಿಯಾಗುವುದು ಸಹಜ.

ಅವರಿಗೆ ಇದ್ದ ದೊಡ್ಡ ಕಷ್ಟ ಕಣ್ಣಿನದು. ಕಣ್ಣಿನ ಚಿಕಿತ್ಸೆಗೆ ಅಂತಲೇ ಸಣ್ಣವರಿರುವಾಗ ಫ್ರಾನ್ಸಿಗೆ ಕರೆದೊಯ್ದಿದ್ದರು. 1860ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ ಮೆಟ್ರಿಕ್ಯುಲೇಶನ್ ಮುಗಿಸಿ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಓದಲು ಸೇರಿದರೆ ದೃಷ್ಟಿ ಮತ್ತೆ ಹದಗೆಟ್ಟಿತು. ಓದು ಅರ್ಧಕ್ಕೆ ಬಿಟ್ಟು 1864ರ ಕೊನೆಗೆ ಊರಿಗೆ ಬಂದರು. ಹಗಲು ರಾತ್ರಿ ಕಾಗದ ಓದುವುದೇ ಕೆಲಸವಾದ ವೃತ್ತಿಗೆ ಇಂಥ ಕಣ್ಣು! ಬೇರೆಯವರಾಗಿದ್ದರೆ ತಂದೆಯ ಅಂಗಡಿಯಲ್ಲಿ ಕೂತುಬಿಡುತ್ತಿದ್ದರು. ಇವರು ಒಂದು ವರ್ಷದಲ್ಲಿ ವಾಪಸ್ ಹೋಗಿ 1867ರ ಏಪ್ರಿಲ್‌ನಲ್ಲಿ ಬ್ಯಾರಿಸ್ಟರ್ ಆದರು. ಆ ವರ್ಷವೇ ಡಿಸೆಂಬರ್‌ನಲ್ಲಿ ಮುಂಬಯಿಗೆ ಬಂದು ವಕೀಲಿ ಶುರು ಮಾಡಿದರು. ಅಲ್ಲಿಯ ಹೈಕೋರ್ಟಿನಲ್ಲಿ ಅವರಿಗಿಂತ ಮೊದಲು ಭಾರತೀಯ ಬ್ಯಾರಿಸ್ಟರ್ ಯಾರೂ ಇರಲಿಲ್ಲ.

ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಆ ಹಣವೆಲ್ಲ ಶೇರುಗಳಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಬಿತ್ತು, ಕಂಪನಿಗಳು ಮುಳುಗಿದವು, ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ತಯ್ಯಬ್‌ಜಿ ಕೋರ್ಟಿಗೆ ಕಾಲಿಟ್ಟದ್ದು ಈ ಕುಸಿತದ ಎರಡು ವರ್ಷದ ಮೇಲೆ.

ನಗರದ ದೊಡ್ಡ ವ್ಯಾಪಾರದ ದಾವೆಗಳು ನೇರವಾಗಿ ಹೈಕೋರ್ಟಿನ ಒರಿಜಿನಲ್ ಸೈಡ್‌ಗೇ ಬರುತ್ತಿದ್ದವು. ಅಲ್ಲಿ ಕಕ್ಷಿದಾರ ಸೀದಾ ಬ್ಯಾರಿಸ್ಟರ ಹತ್ತಿರ ಹೋಗುವ ಹಾಗಿಲ್ಲ. ಸಾಲಿಸಿಟರ್ ದಾಖಲೆ ಸಿದ್ಧ ಮಾಡಿ ಕೊಡಬೇಕು, ಬ್ಯಾರಿಸ್ಟರ್ ವಾದಿಸಬೇಕು, ಸಾಕ್ಷಿಗಳ ಪಾಟೀಸವಾಲು ಮಾಡಬೇಕು. ಯಾವ ಬ್ಯಾರಿಸ್ಟರಿಗೆ ಕೇಸು ಕೊಡುವುದು ಅನ್ನುವುದು ಸಾಲಿಸಿಟರ ಕೈಯಲ್ಲಿ. ಅಣ್ಣನೇ ಸಾಲಿಸಿಟರ್ ಆಗಿದ್ದದ್ದು ಆರಂಭದಲ್ಲಿ ಅನುಕೂಲವಾಯಿತು. ಆದರೆ ಅಣ್ಣ ಬಾಗಿಲು ತೆರೆದು ಕೊಡಬಹುದು, ಒಳಗೆ ನಿಲ್ಲುವುದು ಸ್ವಂತ ಕೆಲಸದಿಂದಲೇ. ಖಾತೆ ಪುಸ್ತಕ, ಹುಂಡಿ, ಪಾಲುದಾರಿಕೆಯ ಲೆಕ್ಕ ಇವೆಲ್ಲ ವ್ಯಾಪಾರಿ ಮನೆಯಲ್ಲಿ ಬೆಳೆದ ಹುಡುಗನಿಗೆ ಹೊಸತಲ್ಲ. ಇಂಗ್ಲಿಷ್ ಬ್ಯಾರಿಸ್ಟರರ ಜೊತೆ ಪೈಪೋಟಿ ಮಾಡಿ ತಯ್ಯಬ್‌ಜಿ ಬಾರ್‌ನ ಮುಂಚೂಣಿಗೆ ಬಂದರು.

ನಮ್ಮ ಹಿರಿಯರೂ 'ಬ್ಯಾರ' ಮಾಡಿಯೇ ಬ್ಯಾರಿಗಳಾದವರು. ಆದರೆ ಬಾಯಿಮಾತಿನ ಪಾಲುದಾರಿಕೆ, ಬರೆಯದ ಸಾಲ, ಕೊನೆಗೆ ಅಣ್ಣ ತಮ್ಮ ಮಾತು ಬಿಡುವುದು, ಇದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ? ಕುರ್‌ಆನಿನ ಅತಿ ಉದ್ದದ ಆಯತ್ ಸಾಲವನ್ನು ಬರೆದಿಡುವುದರ ಬಗ್ಗೆ ಅಂತ ಮದ್ರಸದಲ್ಲಿ ಕಲಿಸುತ್ತೇವೆ. ಅಂಗಡಿಗೆ ಹೋದ ಮೇಲೆ ಅದು ನೆನಪಿರುವುದಿಲ್ಲ.

ಇರಲಿ. ವಕೀಲಿಯಲ್ಲಿ ಗಳಿಸಿದ ಸ್ಥಾನವನ್ನು ಅವರು ಸಮುದಾಯಕ್ಕೆ ಬಳಸಿದರು. 1874ರಲ್ಲಿ ಕಮರುದ್ದೀನರ ಜೊತೆ ಸೇರಿ ಅಂಜುಮನ್-ಎ-ಇಸ್ಲಾಂ ಕಟ್ಟಿದರು. ಅಣ್ಣ ಅಧ್ಯಕ್ಷ, ತಮ್ಮ ಕಾರ್ಯದರ್ಶಿ. ಮುಂಬಯಿಯಲ್ಲಿ ದುಡಿದು ಬಂದ ನಮ್ಮೂರಿನವರು ಬೋರಿಬಂದರ್ ಸ್ಟೇಷನ್ ಎದುರು ಅಂಜುಮನ್ ಶಾಲೆಯ ಕಟ್ಟಡ ನೋಡಿರಬಹುದು, ಅದು ಇವರದೇ ಸಂಸ್ಥೆ. ಹೆಣ್ಣು ಮಕ್ಕಳನ್ನೂ ಓದಿಸಬೇಕು ಅಂತ ಹೇಳಿ ತನ್ನ ಮನೆಯಿಂದಲೇ ಶುರು ಮಾಡಿದರು. ಪರ್ದಾ ವಿಷಯದಲ್ಲಿ ಅವರ ನಿಲುವನ್ನು ನಾವು ಒಪ್ಪುವುದಿಲ್ಲ. ಹಾಗಂತ ಶಾಲೆಯ ವಿಷಯದಲ್ಲಿ ಅವರು ಮಾಡಿದ್ದನ್ನು ಮರೆಯುವುದು ನ್ಯಾಯವಲ್ಲ.

1887ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಸರ್ ಸಯ್ಯದ್ ಅಹ್ಮದ್ ಖಾನರು ಇದನ್ನು ಬಲವಾಗಿ ವಿರೋಧಿಸಿದರು. ತಯ್ಯಬ್‌ಜಿ ಜಗಳಕ್ಕೆ ಹೋಗದೆ ಪತ್ರ ಬರೆದರು. ಮುಸ್ಲಿಮರು ಒಟ್ಟಾಗಿ ಬೇಡ ಅನ್ನುವ ವಿಷಯವನ್ನು ಕಾಂಗ್ರೆಸ್ ಚರ್ಚೆಗೆ ಎತ್ತಿಕೊಳ್ಳಬಾರದು ಅನ್ನುವುದು ಅವರು ಮುಂದಿಟ್ಟ ದಾರಿ. ಕರಾರು ಬರೆಯುವವನ ಬುದ್ಧಿ ಅದು.

1895ರಲ್ಲಿ ಅದೇ ಹೈಕೋರ್ಟಿನ ನ್ಯಾಯಾಧೀಶರಾದರು. ಎರಡು ವರ್ಷದ ಮೇಲೆ, 1897ರಲ್ಲಿ, ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಕೇಸು ಬಿತ್ತು. ಅವರಿಗೆ ಹೈಕೋರ್ಟಿನಲ್ಲೂ ಒಮ್ಮೆ ಜಾಮೀನು ಸಿಕ್ಕಿರಲಿಲ್ಲ. ಅರ್ಜಿ ಮತ್ತೆ ತಯ್ಯಬ್‌ಜಿಯವರ ಮುಂದೆ ಬಂತು. ಸರಕಾರಕ್ಕೆ ಬೇಡವಾದ ಆರೋಪಿ, ನ್ಯಾಯಾಧೀಶರೋ ಕಾಂಗ್ರೆಸ್ಸಿನ ಹಳೆ ಅಧ್ಯಕ್ಷ. ಕೊಟ್ಟರೂ ಮಾತು, ಕೊಡದಿದ್ದರೂ ಮಾತು. ಅವರು ನೋಡಿದ್ದು ಇಷ್ಟೇ: ವಿಚಾರಣೆಯ ದಿನ ಈ ವ್ಯಕ್ತಿ ಹಾಜರಾಗುತ್ತಾನೋ ಇಲ್ಲವೋ? ಜೈಲಿನಲ್ಲಿದ್ದರೆ ತನ್ನ ವಾದಕ್ಕೆ ತಯಾರಿ ಮಾಡಲು ಆಗುತ್ತದೋ? ನಮ್ಮ ಫಿಕ್‌ಹ್ ಕಿತಾಬುಗಳಲ್ಲಿ ಕಫಾಲತುಲ್ ಬದನ್ ಅಂತ ಬರುವುದೂ ಇದೇ, ಒಬ್ಬನನ್ನು ಹಾಜರುಪಡಿಸುವ ಹೊಣೆ. ಜಾಮೀನು ಕೊಟ್ಟರು. ಕೇಸಿನಲ್ಲಿ ತಿಲಕರಿಗೆ 18 ತಿಂಗಳ ಶಿಕ್ಷೆಯಾಯಿತು, ಅದನ್ನು ಕೊಟ್ಟದ್ದು ಬೇರೆ ನ್ಯಾಯಾಧೀಶರು.

1902ರಲ್ಲಿ ತಯ್ಯಬ್‌ಜಿ ಹಂಗಾಮಿ ಮುಖ್ಯ ನ್ಯಾಯಾಧೀಶರಾದರು. ಮುಂಬಯಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. 1906ರ ಆಗಸ್ಟ್‌ನಲ್ಲಿ, ರಜೆಯಲ್ಲಿ ಲಂಡನ್ನಿಗೆ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗಲೂ ಅವರು ಹೈಕೋರ್ಟಿನ ನ್ಯಾಯಾಧೀಶರು, ಅಂಜುಮನ್‌ನ ಅಧ್ಯಕ್ಷರು.