ಬಟ್ಟೆಗೆ ತನ್ನ ಹೆಸರು ಹೊಲಿದ ದರ್ಜಿ

ಹತ್ತೊಂಬತ್ತನೇ ಶತಮಾನದ ಗೌನುಗಳನ್ನು ಸಂಗ್ರಹಿಸುವವರು, ಒಂದು ಗೌನ್ ಕೈಗೆ ಸಿಕ್ಕ ಕೂಡಲೇ ಅದರ ಅಂದ ನೋಡುತ್ತಾ ಕೂರುವುದಿಲ್ಲ. ಮೇಲಿನ ಕುಪ್ಪಸವನ್ನು ಮೆಲ್ಲಗೆ ಒಳಮಗ್ಗುಲು ಮಾಡಿ, ಸೊಂಟದ ಹತ್ತಿರ ಹೊಲಿದಿರುವ ಒಂದು ಸಣ್ಣ ಪಟ್ಟಿಯನ್ನು ಹುಡುಕುತ್ತಾರೆ. ಅದರ ಮೇಲೆ ವರ್ತ್ ಅನ್ನೋ ಹೆಸರಿದ್ದರೆ ಮುಗೀತು, ಬೆಲೆ ಎಲ್ಲಿಗೋ ಹೋಗುತ್ತದೆ. ಇಲ್ಲದಿದ್ದರೆ, ಅಷ್ಟೇ ಚೆಂದದ ಹೊಲಿಗೆ, ಅಷ್ಟೇ ಒಳ್ಳೆಯ ರೇಷ್ಮೆ ಇದ್ದರೂ ಅದು ಯಾರೋ ಹೊಲಿದ ಒಂದು ಹಳೇ ಬಟ್ಟೆ.

ಈ ಹುಚ್ಚು ನನಗೂ ಇದೆ. ಗೌನ್ ಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಚಿತ್ರಗಳನ್ನು ಕೂಡಿಡುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತಮ್ಮ ಸಂಗ್ರಹದ ಫೋಟೋಗಳನ್ನು ಆನ್‌ಲೈನಿನಲ್ಲಿ ಇಟ್ಟಿವೆ. ಅವನ್ನು ನೋಡುತ್ತಾ ನೋಡುತ್ತಾ ನನಗೆ ಗೌನುಗಳಿಗಿಂತ ಆ ಲೇಬಲ್ಲಿನ ಮನುಷ್ಯನ ಮೇಲೆಯೇ ಕುತೂಹಲ ಹೆಚ್ಚಾಯಿತು. ಬಟ್ಟೆ ಹೊಲಿಯುವವನಿಗೆ ಯಾರೂ ಹೆಸರು ಕೇಳದಿದ್ದ ಕಾಲದಲ್ಲಿ, ಈತ ತನ್ನ ಹೆಸರನ್ನು ಮಹಾರಾಣಿಯರ ಮೈಗೆ ತಾಗುವಂತೆ ಹೊಲಿದಿದ್ದು ಹೇಗೆ?

ಚಾರ್ಲ್ಸ್ ಫ್ರೆಡೆರಿಕ್ ವರ್ತ್ ಹುಟ್ಟಿದ್ದು 1825ರ ಅಕ್ಟೋಬರ್ 13ರಂದು, ಇಂಗ್ಲೆಂಡಿನ ಲಿಂಕನ್‌ಶೈರಿನ ಬೋರ್ನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ವಕೀಲ. ಆದರೆ ಹಣಕಾಸು ಕೈಕೊಟ್ಟು ಮನೆ ಮುಳುಗಿತು. ಹನ್ನೊಂದರ ಹುಡುಗ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿಮೂರು ತುಂಬುವ ಹೊತ್ತಿಗೆ ಲಂಡನ್ನಿನ ಪಿಕಡಿಲಿಯಲ್ಲಿದ್ದ ಸ್ವಾನ್ ಅಂಡ್ ಎಡ್ಗರ್ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತಿದ್ದ. ಥಾನು ಬಿಚ್ಚುವುದು, ಅಳೆಯುವುದು, ಮತ್ತೆ ಸುತ್ತಿಡುವುದು. ಬಟ್ಟೆ ಹೇಗೆ ಬೀಳುತ್ತದೆ, ಯಾವ ರೇಷ್ಮೆ ಬೆಳಕಿಗೆ ಹೇಗೆ ಕಾಣುತ್ತದೆ ಅನ್ನೋದೆಲ್ಲ ಆ ಕೈಗಳಿಗೆ ಗೊತ್ತಾಗಿದ್ದು ಅಲ್ಲೇ. ಬಿಡುವು ಸಿಕ್ಕಾಗ ನ್ಯಾಷನಲ್ ಗ್ಯಾಲರಿಗೆ ಹೋಗಿ, ಹಳೇ ಭಾವಚಿತ್ರಗಳಲ್ಲಿನ ರಾಣಿಯರ ಉಡುಪುಗಳನ್ನು ನೋಡುತ್ತಿದ್ದನಂತೆ. ಮುಂದೆ ಅವನ ಗೌನುಗಳಲ್ಲಿ ಹಿಂದಿನ ಶತಮಾನಗಳ ತೋಳು, ಕಾಲರುಗಳು ಮತ್ತೆ ಮತ್ತೆ ಬರುವುದನ್ನು ನೋಡಿದರೆ ಆ ಮಾತು ನಂಬಬಹುದು ಅನಿಸುತ್ತದೆ.

ಇಪ್ಪತ್ತರ ಆಸುಪಾಸಿನಲ್ಲಿ ಪ್ಯಾರಿಸ್ಸಿಗೆ ಹೊರಟ. ಜೇಬಿನಲ್ಲಿ ದುಡ್ಡಿಲ್ಲ, ಬಾಯಲ್ಲಿ ಫ್ರೆಂಚ್ ಇಲ್ಲ. ಕೊನೆಗೆ ಗಾಜೆಲಿನ್ ಎಂಬ ಹೆಸರಾಂತ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ರೇಷ್ಮೆ, ಶಾಲು, ಸಿದ್ಧ ಮೇಲುಹೊದಿಕೆಗಳನ್ನು ಮಾರುವ ಅಂಗಡಿ ಅದು. ಅಲ್ಲಿ ಶಾಲು ಹೊದ್ದು ಗಿರಾಕಿಗಳಿಗೆ ತೋರಿಸುವ ಕೆಲಸ ಮಾಡುತ್ತಿದ್ದವಳು ಮರಿ ವೆರ್ನೆ. ಶಾಲು ಎದ್ದು ಕಾಣಲಿ ಎಂದು ವರ್ತ್ ಅವಳಿಗೆ ಸರಳವಾದ, ಮೈಗೆ ಸರಿಯಾಗಿ ಕೂರುವ ಉಡುಪುಗಳನ್ನು ಹೊಲಿಸಿಕೊಟ್ಟ. ಬಂದ ಹೆಂಗಸರು ಶಾಲು ಬಿಟ್ಟು ಆ ಉಡುಪನ್ನೇ ಕೇಳತೊಡಗಿದರು! 1851ರಲ್ಲಿ ಇಬ್ಬರೂ ಮದುವೆಯಾದರು. ಅದೇ ವರ್ಷ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವನು ರೂಪಿಸಿದ ಉಡುಪುಗಳು ಅಂಗಡಿಯ ಹೆಸರಿನಲ್ಲಿ ಪ್ರದರ್ಶನಗೊಂಡವು. ಮಾಡಿದ್ದು ಇವನು, ಹೆಸರು ಅಂಗಡಿಯದು. ಈ ವಿಷಯ ನೆನಪಿಡಿ, ಕೊನೆಗೆ ಬೇಕಾಗುತ್ತದೆ.

1858ರಲ್ಲಿ ಆಟೋ ಬೋಬೆರ್ಗ್ ಎಂಬ ಸ್ವೀಡನ್ನಿನವನ ಜೊತೆ ಪಾಲುದಾರಿಕೆಯಲ್ಲಿ, ಪ್ಯಾರಿಸ್ಸಿನ ರೂ ಡಿ ಲಾ ಪೇ ಬೀದಿಯ 7ನೇ ನಂಬರಿನಲ್ಲಿ ಸ್ವಂತ ಮಳಿಗೆ ತೆರೆದ. ಗಿರಾಕಿ ಹುಡುಕಿಕೊಟ್ಟವಳು ಹೆಂಡತಿಯೇ. ಮರಿ ಒಂದು ಚಿತ್ರಗಳ ಆಲ್ಬಂ ಹಿಡಿದುಕೊಂಡು, ಆಸ್ಟ್ರಿಯಾದ ರಾಯಭಾರಿಯ ಪತ್ನಿ ರಾಜಕುಮಾರಿ ಪೌಲೀನ್ ಮೆಟರ್ನಿಕ್ ಮನೆಗೆ ಹೋದಳು. ಹೆಂಗಸರ ಉಡುಪು ಮಾಡುವುದು ಒಬ್ಬ ಗಂಡಸು, ಅದೂ ಇಂಗ್ಲಿಷಿನವನು ಎಂದು ರಾಜಕುಮಾರಿ ಮೊದಲು ಮೂಗು ಮುರಿದರೂ, ಚಿತ್ರ ನೋಡಿ ಮನಸ್ಸು ಬದಲಿಸಿದಳು. ಬೆಲೆ 300 ಫ್ರಾಂಕ್ ದಾಟಬಾರದು ಎಂಬ ಷರತ್ತಿನ ಮೇಲೆ ಉಡುಪು ಸಿದ್ಧವಾಯಿತು. ಅದನ್ನು ತೊಟ್ಟು ಅರಮನೆಯ ನೃತ್ಯಕೂಟಕ್ಕೆ ಹೋದಾಗ, ಮೂರನೇ ನೆಪೋಲಿಯನ್ನನ ರಾಣಿ ಯೂಜೆನಿಯ ಕಣ್ಣು ಅದರ ಮೇಲೆ ಬಿತ್ತು. ವರ್ತ್‌ಗೆ ಅರಮನೆಯಿಂದ ಕರೆ ಬಂತು. ಅಲ್ಲಿಂದಾಚೆ 300 ಫ್ರಾಂಕಿಗೆ ವರ್ತ್ ಗೌನ್ ಯಾರಿಗೂ ಸಿಗಲಿಲ್ಲ ಅಂತ ರಾಜಕುಮಾರಿಯೇ ಮುಂದೆ ತಮಾಷೆಯಾಗಿ ನೆನೆದಿದ್ದಾಳೆ.

ಅಲ್ಲಿಯತನಕ ನಡೆಯುತ್ತಿದ್ದುದು ಏನು? ಶ್ರೀಮಂತ ಹೆಂಗಸು ಬಟ್ಟೆ ತಾನೇ ಕೊಂಡು, ತನಗೆ ಬೇಕಾದ್ದನ್ನು ಹೇಳಿ, ಮನೆಗೆ ಬಂದ ಹೊಲಿಗೆಯವಳ ಕೈಲಿ ಹೊಲಿಸುತ್ತಿದ್ದಳು. ವರ್ತ್ ಇದನ್ನು ತಲೆಕೆಳಗು ಮಾಡಿದ. ಗಿರಾಕಿಯೇ ಅವನ ಮಳಿಗೆಗೆ ಬರಬೇಕು. ಅವನು ಮೊದಲೇ ಮಾಡಿಟ್ಟ ಮಾದರಿಗಳನ್ನು ಹುಡುಗಿಯರು ತೊಟ್ಟು ತೋರಿಸುತ್ತಾರೆ. ಆಯ್ದದ್ದನ್ನು ಅವಳ ಅಳತೆಗೆ ಹೊಲಿದು ಕೊಡಲಾಗುತ್ತದೆ. ರಾತ್ರಿಯ ನೃತ್ಯಕೂಟದ ಬೆಳಕಿನಲ್ಲಿ ಬಟ್ಟೆ ಹೇಗೆ ಕಾಣುತ್ತದೆ ಎಂದು ತೋರಿಸಲು ಕನ್ನಡಿ, ಗ್ಯಾಸ್ ದೀಪಗಳ ಒಂದು ಕೋಣೆಯನ್ನೇ ಇಟ್ಟಿದ್ದ. ತೋಳು, ಕುಪ್ಪಸ, ಲಂಗಗಳ ಕಟಿಂಗನ್ನು ಒಂದಕ್ಕೊಂದು ಹೊಂದುವಂತೆ ಮಾಡಿಟ್ಟುಕೊಂಡು ಅದಲುಬದಲು ಸೇರಿಸುತ್ತಿದ್ದ. ಉದ್ದ ಹೊಲಿಗೆಗೆ ಮೆಷಿನ್ನು, ನಾಜೂಕು ಕೆಲಸಕ್ಕೆ ಕೈ. ಇವತ್ತು ಓತ್ ಕುಟ್ಯೂರ್ ಅಂತ ನಾವು ಕರೆಯೋ ದಂಧೆಯ ಚೌಕಟ್ಟು ಹೆಚ್ಚುಕಡಿಮೆ ಇದೇ.

ಉಚ್ಛ್ರಾಯದಲ್ಲಿ ಅವನ ಬಳಿ ಸುಮಾರು 1200 ಮಂದಿ ದುಡಿಯುತ್ತಿದ್ದರು. ಲಿಯಾನ್ ನಗರದ ರೇಷ್ಮೆ ಮಗ್ಗಗಳಿಗೂ ಅವನ ಆರ್ಡರುಗಳಿಂದ ಜೀವ ಬಂತು. ಲಿಯಾನಿನ ಭಾರೀ ಬ್ರೊಕೇಡ್ ಪರದೆ ಬಟ್ಟೆಯ ಹಾಗಿದೆ ಎಂದು ರಾಣಿ ಮುಖ ತಿರುಗಿಸಿದಾಗ, ಅದನ್ನು ತೊಟ್ಟರೆ ನೇಕಾರರಿಗೆ ಕೆಲಸ ಸಿಗುತ್ತದೆ ಎಂದು ವರ್ತ್ ಮನವೊಲಿಸಿದನೆಂಬ ಕಥೆಯಿದೆ. ನೇಕಾರರ ಮೇಲಿನ ಕಾಳಜಿಯೋ, ವ್ಯಾಪಾರದ ಜಾಣತನವೋ? ಎರಡೂ ಇರಬೇಕು.

1870ರ ಯುದ್ಧದಲ್ಲಿ ಪ್ರಶ್ಯದ ಎದುರು ಫ್ರಾನ್ಸ್ ಸೋತಿತು, ಸಾಮ್ರಾಜ್ಯ ಬಿತ್ತು. ವರ್ತ್ ಮಳಿಗೆ ಗಾಯಾಳುಗಳ ಆಸ್ಪತ್ರೆಯಾಯಿತು. ಬೋಬೆರ್ಗ್ ಪಾಲು ಬಿಟ್ಟು ಹೊರಟ. ಮತ್ತೆ ಬಾಗಿಲು ತೆರೆದಾಗ ಲೇಬಲ್ಲಿನಲ್ಲಿ ಉಳಿದದ್ದು ಒಂದೇ ಹೆಸರು. ಸಂಗ್ರಹಕಾರರಿಗೆ ಇದು ದೊಡ್ಡ ಸುಳಿವು: ಲೇಬಲ್ಲಿನಲ್ಲಿ ಇಬ್ಬರ ಹೆಸರಿದ್ದರೆ ಆ ಗೌನ್ ಯುದ್ಧಕ್ಕೆ ಮುಂಚಿನದು. ರಾಣಿ ಹೋದರೂ ಅಮೆರಿಕದ ಹೊಸ ಶ್ರೀಮಂತರು ಬಂದರು. 1883ರಲ್ಲಿ ನ್ಯೂಯಾರ್ಕಿನ ವಾಂಡರ್‌ಬಿಲ್ಟ್ ಮನೆತನದ ನೃತ್ಯಕೂಟಕ್ಕೆ ಆಲಿಸ್ ವಾಂಡರ್‌ಬಿಲ್ಟ್ ವಿದ್ಯುದ್ದೀಪದ ವೇಷದಲ್ಲಿ ತೊಟ್ಟಿದ್ದ ವರ್ತ್ ಗೌನ್ ಈಗಲೂ ಆ ನಗರದ ಮ್ಯೂಸಿಯಂನಲ್ಲಿದೆ. ವೆಲ್ವೆಟ್ ಟೋಪಿ, ಭುಜದ ಮೇಲೆ ತುಪ್ಪಳದ ಕೋಟು ಹಾಕಿಕೊಂಡು ಕಲಾವಿದನ ಗತ್ತಿನಲ್ಲಿ ಫೋಟೋ ತೆಗೆಸಿಕೊಂಡಿದ್ದ ವರ್ತ್, 1895ರ ಮಾರ್ಚ್ 10ರಂದು ತೀರಿಕೊಂಡ. ಮಕ್ಕಳಾದ ಗಾಸ್ತೋನ್, ಜಾನ್ ಫಿಲಿಪ್ ವ್ಯವಹಾರ ಮುಂದುವರಿಸಿದರು.

ಅವನ ಗೌನುಗಳು ಮಾತ್ರ ಈಗ ನಿಧಾನಕ್ಕೆ ಸಾಯುತ್ತಿವೆ. ಆ ಕಾಲದಲ್ಲಿ ರೇಷ್ಮೆಗೆ ತೂಕ ಬರಲಿ, ಸರಬರ ಸದ್ದು ಬರಲಿ ಎಂದು ತವರ, ಕಬ್ಬಿಣದ ಲವಣಗಳಲ್ಲಿ ಅದ್ದುವ ರೂಢಿ ಇತ್ತು. ಆ ಲವಣವೇ ಎಳೆಗಳನ್ನು ತಿಂದುಹಾಕುತ್ತದೆ. ಮುಟ್ಟಿದರೆ ಬಟ್ಟೆ ಉದ್ದುದ್ದಕ್ಕೆ ಸೀಳುತ್ತದೆ. ಹ್ಯಾಂಗರಿಗೆ ತೂಗುಹಾಕುವಂತಿಲ್ಲ, ಬೆಳಕಿಗೆ ಇಡುವಂತಿಲ್ಲ, ತೊಡುವ ಮಾತಂತೂ ದೂರ. ಆದರೂ ಜನ ಕೊಳ್ಳುತ್ತಾರೆ. ಆ ಲೇಬಲ್ಲಿಗಾಗಿ.

ನನ್ನ ಮೆಚ್ಚುಗೆಗೆ ಮೊದಲ ಪೆಟ್ಟು ಬಿದ್ದಿದ್ದು ನಮ್ಮ ದೇಶಕ್ಕೇ ಸಂಬಂಧಪಟ್ಟ ಒಂದು ಗೌನಿನಿಂದ. 1903ರ ದೆಹಲಿ ದರ್ಬಾರಿನಲ್ಲಿ ವೈಸ್‌ರಾಯ್ ಪತ್ನಿ ಮೇರಿ ಕರ್ಜನ್ ತೊಟ್ಟಿದ್ದ ನವಿಲು ಗೌನ್ ಅದು. ಹಿರಿಯ ವರ್ತ್ ಸತ್ತು ಎಂಟು ವರ್ಷವಾಗಿತ್ತು, ಹೊಲಿದದ್ದು ಅವನ ಮಳಿಗೆಯೇ. ಬಟ್ಟೆಯ ಮೇಲೆಲ್ಲ ನವಿಲುಗರಿಗಳ ಜರಿ ಕಸೂತಿ. ಪ್ರತಿ ಗರಿಯ ಕಣ್ಣಿನಲ್ಲಿ ಪಚ್ಚೆಯಂತೆ ಹೊಳೆಯುವುದು ಜೀರುಂಡೆಯ ರೆಕ್ಕೆಯ ಚಿಪ್ಪು. ಆ ಕಸೂತಿಯನ್ನೆಲ್ಲ ಮಾಡಿದ್ದು ಭಾರತದ ಜರ್ದೋಸಿ ಕುಶಲಕರ್ಮಿಗಳು. ಆಮೇಲೆ ಅದು ಪ್ಯಾರಿಸ್ಸಿಗೆ ಹೋಗಿ ಗೌನಾಗಿ ಮರಳಿ ಬಂತು. ಈಗ ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲಿನಲ್ಲಿ ಪ್ರದರ್ಶನದಲ್ಲಿದೆ. ಅದರ ಮುಂದೆ ನಿಂತವರು ಹೇಳುವ ಹೆಸರು ಎರಡು, ತೊಟ್ಟವಳದು ಮತ್ತು ವರ್ತ್‌ನದು. ತಿಂಗಳುಗಟ್ಟಲೆ ಬಗ್ಗಿ ಕೂತು ಕಣ್ಣು ಸವೆಸಿದವರ ಹೆಸರು ಆ ಲೇಬಲ್ಲಿನಲ್ಲಿ ಇಲ್ಲ.

ಹಾಗಂತ ವರ್ತ್‌ನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಹೊಲಿಗೆ ಅಂದರೆ ಆಳಿನ ಕೆಲಸ ಎಂದುಕೊಂಡಿದ್ದ ಸಮಾಜದ ಎದುರು, ಇದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳುವ ಧೈರ್ಯ ತೋರಿದವನು ಅವನು. ಗಾಜೆಲಿನ್ ಅಂಗಡಿಯಲ್ಲಿ ತನ್ನ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಮೆರೆದಾಗ ಆದ ನೋವು ಅವನಿಗೆ ಗೊತ್ತಿದ್ದಿರಲೇಬೇಕು. ಆದರೆ ತನ್ನ ಸರದಿ ಬಂದಾಗ, 1200 ಜನರ ಕೈಕೆಲಸವನ್ನು ಒಂದೇ ಹೆಸರಿನ ಕೆಳಗೆ ತಂದ. ತಾನು ದಾಟಿದ ಬಾಗಿಲನ್ನು ಹಿಂದೆ ಬಂದವರಿಗೆ ತೆರೆದಿಡಲಿಲ್ಲ. ಇವತ್ತಿಗೂ ಆ ದಂಧೆ ಹಾಗೇ ನಡೆಯುತ್ತಿದೆ. ಡಿಸೈನರ್ ಹೆಸರು ಎಲ್ಲರಿಗೂ ಗೊತ್ತು, ಕಸೂತಿಯವರದು ಯಾರಿಗೂ ಗೊತ್ತಿಲ್ಲ.

ನನ್ನ ಚಿತ್ರಸಂಗ್ರಹವನ್ನು ನಾನೇನೂ ಅಳಿಸಿಹಾಕಿಲ್ಲ. ನೋಡುವ ಕ್ರಮ ಮಾತ್ರ ಬದಲಾಗಿದೆ. ಮೊದಲು ಲೇಬಲ್ ಹುಡುಕುತ್ತಿದ್ದೆ. ಈಗ ಗೌನಿನ ಒಳಮಗ್ಗುಲಿನ ಫೋಟೋ ಇದ್ದರೆ ಅದನ್ನು ದೊಡ್ಡದು ಮಾಡಿ, ಲೈನಿಂಗಿನ ಅಂಚಿನಲ್ಲಿ ಓಡುವ ಕೈಹೊಲಿಗೆಯನ್ನು ನೋಡುತ್ತೇನೆ. ಕೆಲವು ಕಡೆ ಹೊಲಿಗೆ ಒಂದೇ ಸಮ, ಇನ್ನು ಕೆಲವು ಕಡೆ ಸ್ವಲ್ಪ ಓರೆ. ಅಲ್ಲಿ ಸೂಜಿ ಹಿಡಿದಿದ್ದ ಕೈಯೇ ಬೇರೆ.