ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ಹನಗೋಡಿನ ಸುತ್ತಣ ಗ್ರಾಮಗಳಲ್ಲಿ ಅರುವತ್ತು ವರ್ಷ ಮೀರಿದ ಅಜ್ಜಿಯರ ತೋಳನ್ನು ನೋಡಿದರೆ, ಕಾಸಿನಗಲದ ಗುಂಡನೆಯ ಕಲೆಗಳು ಕಾಣುವುವು. ಅವು ದಾಕು ಹಾಕಿದ ಕಲೆಗಳು. ಅವರ ಮೊಮ್ಮಕ್ಕಳಾಗಿ ಈಗ ಮಿಡ್ಲ್‌ಸ್ಕೂಲಿನಲ್ಲಿ ಓದುತ್ತಿರುವ ಬಾಲಕಿಯರ ತೋಳುಗಳಲ್ಲಿ ಆ ಕಲೆಗಳಿಲ್ಲ. ಅವುಗಳ ಅಗತ್ಯವೂ ಇಲ್ಲ. ಸಿಡುಬೆಂಬ ಘೋರ ರೋಗವು ಲೋಕದಿಂದಲೇ ತೊಲಗಿತೆಂದು 1980ನೆಯ ಇಸವಿ ಮೇ ತಿಂಗಳ 8ನೆಯ ತಾರೀಖು ಸಾರಲ್ಪಟ್ಟಿತು. ಆದರೂ ಬೇರೆ ರೋಗಗಳ ಲಸಿಕೆಯ ವಿಷಯವಾಗಿ ಪಾಠಶಾಲೆಯಿಂದ ಮನೆಗೆ ತಿಳಿವಳಿಕೆಯ ಚೀಟಿ ಹೋಗುವುದು ನಿಂತಿಲ್ಲ. 2017ನೆಯ ಇಸವಿ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳಿಗಾಗಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲಾ ಲಸಿಕೆ ಹಾಕಿದಾಗ, ಎಷ್ಟೋ ಮಂದಿ ತಂದೆತಾಯಿಗಳು ಆ ಚೀಟಿಯನ್ನು ಕೈಯಲ್ಲಿ ಹಿಡಿದು, ಇದು ಏನೋ ಎಂತೋ ಎಂದು ಕಳವಳಪಟ್ಟರು. ಈ ಕಳವಳವು ಹೊಸದೇನೂ ಅಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಇದೇ ಮೈಸೂರು ಸೀಮೆಯಲ್ಲಿ, ಅರಮನೆಯ ಅಂತಃಪುರದಲ್ಲಿಯೇ ಈ ಪ್ರಶ್ನೆಯು ಎದ್ದಿತ್ತು. ಅದಕ್ಕೆ ಉತ್ತರ ಕೊಡಬೇಕಾಗಿ ಬಂದ ವೃದ್ಧ ಮಹಾರಾಣಿಯವರ ಜೀವಿತವನ್ನು ನಮ್ಮ ಬಾಲಕಿಯರೂ ಅವರ ಮನೆಯವರೂ ತಿಳಿಯಲೆಂದು ಇಲ್ಲಿ ಬರೆಯಲಾಗಿದೆ.

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ಪಟ್ಟದ ರಾಣಿಯರಲ್ಲೊಬ್ಬರು. ದೊರೆಗಳು 1734ನೆಯ ಇಸವಿಯಿಂದ 1766ನೆಯ ಇಸವಿಯವರೆಗೆ ಸಿಂಹಾಸನದಲ್ಲಿ ಕುಳಿತಿದ್ದರೂ, ರಾಜ್ಯದ ಅಧಿಕಾರವು ಮೊದಲು ದಳವಾಯಿಗಳ ಕೈಯಲ್ಲಿತ್ತು. 1761ನೆಯ ಇಸವಿಯ ತರುವಾಯ ಹೈದರಾಲಿಯ ಕೈಸೇರಿತು. ದೊರೆಗಳು ಕಾಲವಾದ ಮೇಲೆ ಈ ವಿಧವೆ ರಾಣಿಯವರು ಕಂಡ ದುಃಖಗಳು ಒಂದೆರಡಲ್ಲ. ಪಟ್ಟಕ್ಕೆ ಬಂದ ನಂಜರಾಜ ಒಡೆಯರು 1770ರಲ್ಲಿ ಕೊಲೆಯಾದರು. ಅವರ ತಮ್ಮಂದಿರಾದ ಚಾಮರಾಜ ಒಡೆಯರು 1776ರಲ್ಲಿ ಸಂತಾನವಿಲ್ಲದೆ ತೀರಿಕೊಂಡರು. ಆಗ ಹೈದರಾಲಿಯು ರಾಜಬಂಧುಗಳ ಮಕ್ಕಳೊಳಗಿಂದ ಮತ್ತೊಬ್ಬ ಚಾಮರಾಜನನ್ನು ಆರಿಸಿ ಪಟ್ಟಕ್ಕೆ ತಂದನು.

ಇಂಥಾ ಕಾಲದಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾವಲಿನಲ್ಲಿದ್ದ ಸ್ತ್ರೀಯೊಬ್ಬಳು ಏನನ್ನು ತಾನೇ ಮಾಡಬಲ್ಲಳು? ಆದರೆ ಲಕ್ಷ್ಮಮ್ಮಣ್ಣಿಯವರು ಕೈಕಟ್ಟಿ ಕುಳಿತವರಲ್ಲ. ತಿರುಮಲರಾಯರೆಂಬ ಪ್ರಧಾನರನ್ನು ಗುಟ್ಟಾಗಿ ಹೊರಗೆ ಕಳುಹಿಸಿ, ಇಂಗ್ಲಿಷರೊಡನೆ ವರುಷಗಟ್ಟಲೆ ಸಂಧಾನ ನಡೆಸಿದರು. 1782ನೆಯ ಇಸವಿ ಅಕ್ಟೋಬರಿನಲ್ಲಿ ಅವರ ಹೆಸರಿನಲ್ಲಿ ಒಂದು ಕರಾರು ಕೂಡ ಆಯಿತು. ಅದರಿಂದ ಆಗ ಫಲವೇನೂ ದೊರೆಯಲಿಲ್ಲ. ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು.

ಆ ಹದಿನೇಳು ವರ್ಷಗಳೊಳಗೆ ಬಂದ ಒಂದು ಮರಣವು ನಮ್ಮ ಕಥೆಗೆ ಮುಖ್ಯವಾದುದು. ಹೈದರಾಲಿಯು ಆರಿಸಿದ್ದ ಚಾಮರಾಜ ಒಡೆಯರು 1796ನೆಯ ಇಸವಿಯಲ್ಲಿ ಸಿಡುಬಿನಿಂದ ತೀರಿಕೊಂಡರೆಂದು ಮೈಸೂರು ಗೆಜೆಟಿಯರನ್ನು ಬರೆದ ರೈಸ್ ದೊರೆಯವರು ಹೇಳಿದ್ದಾರೆ. ಟಿಪ್ಪು ಸುಲ್ತಾನನು ಅವರ ತರುವಾಯ ಯಾರನ್ನೂ ಪಟ್ಟಕ್ಕೆ ತರಲಿಲ್ಲ. ಅರಮನೆಯು ಸೂರೆಯಾಯಿತು, ರಾಜಕುಟುಂಬದವರನ್ನು ಒಂದು ಹೀನವಾದ ಮನೆಗೆ ಸಾಗಿಸಿದರು. ತೀರಿಕೊಂಡ ದೊರೆಗಳಿಗೆ ಎರಡು ವರ್ಷದ ಗಂಡು ಕೂಸೊಂದಿತ್ತು. ಆ ಕೂಸೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೆನಿಸಿತು. ಸಂಬಂಧದಲ್ಲಿ ಅಜ್ಜಿಯಾದ ಲಕ್ಷ್ಮಮ್ಮಣ್ಣಿಯವರಿಗೆ ಆ ಮಗುವೊಂದೇ ವಂಶದ ಕುಡಿ. ಇವರ ಪತಿಯೂ ಸಿಡುಬಿನಿಂದಲೇ ತೀರಿಕೊಂಡಿದ್ದರೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಎಂಬವರ ಮತ.

ಸಿಡುಬಿನ ಭಯವನ್ನು ಇಂದಿನ ಬಾಲಕಿಯರು ಊಹಿಸಲಾರರು. ಊರಿಗೆ ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವರು, ಒಗ್ಗರಣೆ ನಿಲ್ಲುವುದು, ನೆಂಟರು ಬರುವುದು ನಿಲ್ಲುವುದು. ಬದುಕಿದವರಲ್ಲಿ ಕೆಲವರು ಕಣ್ಣು ಕಳಕೊಳ್ಳುವರು. ಹೆಣ್ಣು ಮಕ್ಕಳ ಮುಖದ ಮೇಲೆ ಕಲೆಗಳುಳಿದರೆ ಮದುವೆಯ ಮಾತೇ ಕಷ್ಟವಾಗುವುದು. ಅರಮನೆಯೆಂದು ರೋಗವು ಹೊಸಲಿನಾಚೆ ನಿಲ್ಲುತ್ತಿರಲಿಲ್ಲ.

1799ನೆಯ ಇಸವಿ ಮೇ 4ನೆಯ ತಾರೀಖು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಜೂನ್ 30ನೆಯ ತಾರೀಖು ಮೈಸೂರಿನಲ್ಲಿ ಐದು ವರ್ಷವೂ ತುಂಬದ ಕೃಷ್ಣರಾಜರಿಗೆ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು, ಇಂಗ್ಲಿಷ್ ರೆಸಿಡೆಂಟರು ಬಂದರು. ಅಂತಃಪುರದಲ್ಲಿ ಲಕ್ಷ್ಮಮ್ಮಣ್ಣಿಯವರೇ ಹಿರಿಯರು.

ಇಷ್ಟರೊಳಗೆ ದೂರದ ಇಂಗ್ಲೆಂಡಿನಲ್ಲಿ ಒಂದು ಸಂಗತಿ ನಡೆದಿತ್ತು. ಬರ್ಕ್ಲಿ ಎಂಬ ಊರಿನ ವೈದ್ಯರಾದ ಎಡ್ವರ್ಡ್ ಜೆನ್ನರ್ ಎಂಬವರು, ಹಸುವಿನ ಕೆಚ್ಚಲಿನಲ್ಲಿ ಏಳುವ ಬೊಕ್ಕೆಯು ಹಾಲು ಕರೆಯುವ ಹೆಂಗಸರ ಕೈಗೆ ಅಂಟಿದರೆ ಅಂಥವರಿಗೆ ಸಿಡುಬು ಬಾರದೆಂಬ ಹಳ್ಳಿಯ ಮಾತನ್ನು ಪರೀಕ್ಷಿಸಿದರು. 1796ನೆಯ ಇಸವಿ ಮೇ 14ನೆಯ ತಾರೀಖು ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬವಳ ಕೈಬೊಕ್ಕೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದರು. ತರುವಾಯ ಸಿಡುಬಿನ ಕೀವನ್ನೇ ಹಾಕಿದರೂ ಹುಡುಗನಿಗೆ ರೋಗ ಬರಲಿಲ್ಲ. ಚಾಮರಾಜ ಒಡೆಯರು ಸಿಡುಬಿನಿಂದ ಮಡಿದದ್ದು ಇದೇ ವರ್ಷದಲ್ಲಿ ಎಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯ ನೋವಾಗುತ್ತದೆ.

ಆ ರಸವು ಹಿಂದೂದೇಶಕ್ಕೆ ಬರುವುದು ಸುಲಭವಾಗಿರಲಿಲ್ಲ. ಹಡಗಿನ ಬಿಸಿಲಿಗೆ ಅದು ಕೆಟ್ಟು ಹೋಗುತ್ತಿತ್ತು. ಆದಕಾರಣ ಒಬ್ಬರ ತೋಳಿಗೆ ಹಾಕಿ, ಸುಮಾರು ಎಂಟು ದಿನದ ಮೇಲೆ ಅಲ್ಲಿ ಎದ್ದ ಬೊಕ್ಕೆಯಿಂದ ರಸ ತೆಗೆದು ಮತ್ತೊಬ್ಬರಿಗೆ ಹಾಕುತ್ತಾ, ದೀಪದಿಂದ ದೀಪ ಹಚ್ಚಿದ ಹಾಗೆ ಸಾಗಿಸಬೇಕಾಯಿತು. ಬಾಗ್ದಾದು, ಬಸ್ರಾ ಪಟ್ಟಣಗಳ ಮಾರ್ಗವಾಗಿ ಬಂದ ಆ ರಸವನ್ನು 1802ನೆಯ ಇಸವಿ ಜೂನ್ 14ನೆಯ ತಾರೀಖು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಈ ದೇಶದಲ್ಲಿ ಮೊದಲು ದಾಕು ಹಾಕಿಸಿಕೊಂಡದ್ದು ಒಂದು ಹೆಣ್ಣುಮಗುವೆಂಬುದನ್ನು ನಮ್ಮ ಬಾಲಕಿಯರು ಮರೆಯದಿರಲಿ. ಅಲ್ಲಿಂದ ಅದು ಮಕ್ಕಳ ತೋಳಿನಿಂದ ತೋಳಿಗೆ ದಾಟಿ ಮದರಾಸು ಸೀಮೆಗೂ ಮೈಸೂರಿಗೂ ಬಂದಿತು.

ಜನರು ಇದಕ್ಕೆ ಒಪ್ಪಲಿಲ್ಲವೆಂದರೆ ಅವರನ್ನು ಮೂಢರೆಂದು ಹಳಿಯುವುದು ನ್ಯಾಯವಲ್ಲ. ಆ ರಸ ಯಾವ ಮಗುವಿನ ತೋಳಿನಿಂದ ಬಂದದ್ದು, ಆ ಮಗುವಿಗೆ ಬೇರೆ ರೋಗವಿತ್ತೋ ಇಲ್ಲವೋ, ಅದು ಯಾವ ಕುಲದ್ದು ಎಂದು ಜನರು ಕೇಳಿದರು. ಕುಲದ ಪ್ರಶ್ನೆಯನ್ನು ನಾವು ಬಿಟ್ಟುಬಿಡಬಹುದು. ಮಿಕ್ಕ ಪ್ರಶ್ನೆಗಳು ವಿವೇಕವಾದವುಗಳೇ. ಪರದೇಶದವರು ತೋಳನ್ನು ಗೀರಿ ಏನನ್ನೋ ಹಾಕುತ್ತಾರೆಂಬ ಭಯವು ಬೇರೆ. ಇದಲ್ಲದೆ ನಮ್ಮ ದೇಶದಲ್ಲಿ ಸಿಡುಬಿನ ಕೀವನ್ನೇ ಸ್ವಲ್ಪವಾಗಿ ಹಾಕಿ ಲಘುವಾದ ಸಿಡುಬನ್ನು ಬರಿಸುವ ಹಳೆಯ ಪದ್ಧತಿಯೊಂದು ಅನೇಕ ಕಡೆಗಳಲ್ಲಿತ್ತು. ಅದರಿಂದ ರಕ್ಷಣೆ ದೊರೆಯುತ್ತಿದ್ದುದು ನಿಜ; ಆದರೆ ಕೆಲವರು ಅದರಿಂದಲೇ ಸಾಯುತ್ತಿದ್ದರು, ಮತ್ತು ಅವರಿಂದ ನೆರೆಯವರಿಗೆ ರೋಗ ತಗಲುತ್ತಿತ್ತು. ಹಸುವಿನ ಬೊಕ್ಕೆಯ ರಸದಲ್ಲಿ ಈ ಎರಡು ಕೇಡುಗಳೂ ಇರಲಿಲ್ಲ. ಪರಿಚಯವುಳ್ಳ ಹಳೆಯ ಮದ್ದನ್ನು ಬಿಟ್ಟು ಪರಿಚಯವಿಲ್ಲದ ಹೊಸದನ್ನು ನಂಬುವುದು ಹೇಗೆಂಬುದೇ ಅವರ ತೊಡಕು.

1805ನೆಯ ಇಸವಿಯಲ್ಲಿ ದೇವಾಜಮ್ಮಣ್ಣಿ ಎಂಬ ಬಾಲಕಿಯು ಕೃಷ್ಣರಾಜರ ರಾಣಿಯಾಗಿ ಅರಮನೆಗೆ ಬಂದಳು. ವಧೂವರರಿಬ್ಬರೂ ಎಳೆಯ ಮಕ್ಕಳು. ಅಂದರೆ ಇಂದಿನ ಮಿಡ್ಲ್‌ಸ್ಕೂಲಿನ ಮಕ್ಕಳ ಪ್ರಾಯದವರು. ಈ ಬಾಲ ರಾಣಿಗೆ ಅರಮನೆಯಲ್ಲಿ ದಾಕು ಹಾಕಿಸಲಾಯಿತು. ಆ ಸುದ್ದಿಯನ್ನು ಹೊರಗೆ ಸಾರಲಾಯಿತು; ಅದನ್ನು ಕೇಳಿ ಜನರು ದಾಕು ಹಾಕಿಸಿಕೊಳ್ಳಲು ಮುಂದೆ ಬಂದರೆಂದು 1806ನೆಯ ಇಸವಿ ಜುಲೈ ತಿಂಗಳ ಬರಹವೊಂದು ತಿಳಿಸುತ್ತದೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳು ತಮ್ಮಷ್ಟಕ್ಕೆ ತಾವೇ ಇದನ್ನು ನಿಶ್ಚಯಿಸಿರಲಾರರು. ಇಬ್ಬರು ದೊರೆಗಳನ್ನು ಸಿಡುಬಿಗೆ ಕೊಟ್ಟ ಮನೆಯ ಅಜ್ಜಿಯವರು ಒಪ್ಪಿದ್ದರಿಂದಲೇ ಇದು ನಡೆಯಿತೆಂದು ಚಾನ್ಸಲರರು ತರ್ಕಿಸುತ್ತಾರೆ. ನಮಗೂ ಅದೇ ಸರಿಯೆಂದು ತೋರುತ್ತದೆ.

ಅದೇ ಸಮಯದಲ್ಲಿ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿಯು ಮೈಸೂರಿನಲ್ಲಿ ಮೂವರು ಸ್ತ್ರೀಯರ ಪಟವೊಂದನ್ನು ಬರೆದನು. ಅವರು ನರ್ತಕಿಯರೆಂದು ಬಹುಕಾಲ ಜನರು ತಿಳಿದಿದ್ದರು. 2001ನೆಯ ಇಸವಿಯಲ್ಲಿ ಚಾನ್ಸಲರರು ಪ್ರಕಟಿಸಿದ ಲೇಖನದಲ್ಲಿ ಅವರು ರಾಜಸ್ತ್ರೀಯರೆಂದು ಗುರುತಿಸಿದರು. ಬಲಗಡೆಯ ಬಾಲ ರಾಣಿಯು ಸೀರೆಯ ಅಂಚನ್ನು ಮೇಲೆತ್ತಿ, ದಾಕು ಹಾಕಿದ ಎಡದೋಳಿನ ಕಡೆಯನ್ನು ತೋರಿಸುತ್ತಿದ್ದಾಳೆ. ಎಡಗಡೆಯಲ್ಲಿರುವವರು ದೊರೆಗಳ ಹಿರಿಯ ರಾಣಿ. ಅವರ ಹೆಸರೂ ದೇವಾಜಮ್ಮಣ್ಣಿ ಎಂದೇ. ಅವರ ಮೂಗು ಬಾಯಿಗಳ ಸುತ್ತ ಬಣ್ಣಗೆಟ್ಟಂತಿರುವುದು ಹಳೆಯ ಪದ್ಧತಿಯ ಗುರುತೆಂದೂ, ನಡುವೆ ನಿಂತವರು ಲಕ್ಷ್ಮಮ್ಮಣ್ಣಿಯವರೇ ಎಂದೂ ಅವರ ಅಭಿಪ್ರಾಯ. ಈ ಪಟವನ್ನು ಒಂದು ತಿಳಿವಳಿಕೆಯ ಚೀಟಿಯೆನ್ನಬಹುದು. ಘೋಷಾದೊಳಗಿನ ರಾಣಿಯರು ಪರಪುರುಷನೆದುರು ನಿಂತು ಪಟ ಬರೆಯಿಸಿಕೊಳ್ಳುವುದೂ, ಅದರಲ್ಲಿ ತೋಳನ್ನು ತೋರಿಸುವುದೂ ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕುಂಪಣಿಯವರಿಗೆ ಇದರಲ್ಲಿ ಸ್ವಾರ್ಥವಿತ್ತು. ಅವರ ಸಿಪಾಯಿಗಳು ಸಿಡುಬಿಗೆ ಬಲಿಯಾಗುತ್ತಿದ್ದರು. ಮಹಾರಾಣಿಯವರಿಗೆ ಕುಂಪಣಿಯವರ ಋಣವಿತ್ತು. ಹತ್ತು ವರ್ಷದ ಹಿಂದೆ ಹೀನವಾದ ಮನೆಯಲ್ಲಿದ್ದವರು ಅರಮನೆಗೆ ಮರಳಿದ್ದು ಅವರಿಂದ. ಆ ಬಾಲಕಿಯನ್ನು ನಿನಗೆ ಸಮ್ಮತವೇ ಎಂದು ಯಾರಾದರೂ ಕೇಳಿದ್ದರೆಂದು ತೋರುವುದಿಲ್ಲ. ಆದರೂ ಅನ್ಯರ ಮಕ್ಕಳಿಗೆ ಮೊದಲು ಹಾಕಿ ನೋಡೋಣ ಎನ್ನದೆ ತಮ್ಮ ಮನೆಯ ಸೊಸೆಯ ತೋಳನ್ನೇ ಮೊದಲು ನೀಡಿಸಿದರೆಂಬುದನ್ನು ನಾವು ಅವರ ಲೆಕ್ಕಕ್ಕೆ ಸೇರಿಸಲೇಬೇಕು.

ಮುಂದೆ ತೋಳಿನಿಂದ ತೋಳಿಗೆ ಹಾಕುವುದು ನಿಂತು ಕರುಗಳ ಮೈಯಲ್ಲಿ ರಸವನ್ನು ಬೆಳೆಸಲಾರಂಭಿಸಿದರು. ಮೈಸೂರು ಸರ್ಕಾರದವರು ಇದಕ್ಕಾಗಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನೇ ಇಟ್ಟಿದ್ದರು. ಆದರೂ ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳನ್ನು ಅಟ್ಟದ ಮೇಲೂ ಕಣಜದ ಹಿಂದೆಯೂ ಅಡಗಿಸುತ್ತಿದ್ದರೆಂದು ನಮ್ಮ ಅಜ್ಜಿ ನಗುತ್ತಾ ಹೇಳುತ್ತಿದ್ದರು. ಅವರನ್ನೂ ಹಾಗೆಯೇ ಅಡಗಿಸಿದ್ದರು. ಸೀನು ಬಂದದ್ದರಿಂದ ಸಿಕ್ಕಿಬಿದ್ದರು.

ಅರಮನೆಯವರಿಗೂ ಎಲ್ಲಾ ರೋಗಗಳಿಗೆ ಮದ್ದು ಸಿಕ್ಕಿರಲಿಲ್ಲ. ಚಾಮರಾಜೇಂದ್ರ ಒಡೆಯರು 1894ನೆಯ ಇಸವಿ ಡಿಸೆಂಬರ್ 28ನೆಯ ತಾರೀಖು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡಾಗ ಅವರಿಗೆ ಮೂವತ್ತೊಂದೇ ವರ್ಷ. ಆ ರೋಗಕ್ಕೂ ಧನುರ್ವಾಯುವಿಗೂ ಸೇರಿಸಿ ಈಗ ಹತ್ತನೆಯ ಮತ್ತು ಹದಿನಾರನೆಯ ವರ್ಷದಲ್ಲಿ ಟಿ.ಡಿ. ಎಂಬ ಚುಚ್ಚುಮದ್ದನ್ನು ಕೊಡುತ್ತಾರೆ. ಮಿಡ್ಲ್‌ಸ್ಕೂಲಿನ ಮನೆಗಳಿಗೆ ಬರುವ ಚೀಟಿಗಳಲ್ಲಿ ಅದೂ ಒಂದು. ಚೀಟಿಯಲ್ಲಿ ತಿಳಿಯದ ಮಾತಿದ್ದರೆ ಆರೋಗ್ಯ ಕೇಂದ್ರದ ವೈದ್ಯರನ್ನೋ ಉಪಾಧ್ಯಾಯಿನಿಯರನ್ನೋ ಕೇಳಬಹುದು. ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಲಕ್ಷ್ಮಮ್ಮಣ್ಣಿಯವರು 1810ನೆಯ ಇಸವಿಯಲ್ಲಿ ದೈವಾಧೀನರಾದರು. ಮರುವರ್ಷ ಪೂರ್ಣಯ್ಯನವರು ಅಧಿಕಾರವನ್ನು ಬಿಡಲು ಕೃಷ್ಣರಾಜ ಒಡೆಯರು ತಾವೇ ರಾಜ್ಯಭಾರವನ್ನು ವಹಿಸಿಕೊಂಡರು. ಎರಡು ವರ್ಷದ ಕೂಸಾಗಿ ಸಿಡುಬಿಗೆ ತಂದೆಯನ್ನು ಕಳಕೊಂಡಿದ್ದ ಅವರು ಎಪ್ಪತ್ತಮೂರು ವರ್ಷ ಬದುಕಿ 1868ನೆಯ ಇಸವಿ ಮಾರ್ಚ್ 27ನೆಯ ತಾರೀಖು ತೀರಿಕೊಂಡರು. 1818ನೆಯ ಇಸವಿಯಲ್ಲಿ ಅವರು ತಮ್ಮ ತಂದೆಯವರ ಜನ್ಮಸ್ಥಳವಾದ ಅರಿಕುಠಾರಕ್ಕೆ ತಂದೆಯ ಹೆಸರನ್ನೇ ಇಟ್ಟರು. ನಾವು ಇಂದು ಚಾಮರಾಜನಗರವೆಂದು ಕರೆಯುವ ಊರು ಅದೇ.